ಸಾಹುಕಾರರ ಮನೆತನದ ಸ್ವಿಚ್ಚುಗಳು

ನನ್ನ ಕೆಲಸದಲ್ಲಿ ಯಂತ್ರಗಳು ತಾವಾಗಿ ಕೆಡುವುದು ಅಪರೂಪ. ಯಂತ್ರಕ್ಕೆ ಒಳ್ಳೆಯದಾಗಲಿ ಎಂದು ಯಾರಾದರೂ ಏನಾದರೊಂದು ಉಪಕಾರ ಮಾಡುತ್ತಾರೆ, ಆಮೇಲೆ ನನಗೆ ಫೋನ್ ಬರುತ್ತದೆ. ಹೊಸಪೇಟೆಯಲ್ಲಿ ಅಂಗಡಿ ಇಟ್ಟಾಗಿನಿಂದ ಇದು ನಡೆದೇ ಇದೆ. ನಿಲ್ಲುವ ಲಕ್ಷಣ ಕಾಣುವುದಿಲ್ಲ, ನಿಂತರೆ ನಮ್ಮ ಮನೆಯ ಒಲೆಯೂ ನಿಲ್ಲುತ್ತದೆ. ಹಾಗಾಗಿ ನಾನು ಯಾರ ಮೇಲೂ ಸಿಟ್ಟಾಗುವುದಿಲ್ಲ.

ನಾನು ನೆಟ್‌ವರ್ಕ್ ಕೆಲಸದವಳು. ಕಂಪ್ಯೂಟರು, ಕ್ಯಾಮೆರಾ, ತೂಕದ ಯಂತ್ರ ಎಲ್ಲದರ ತಂತಿಗಳು ಬಂದು ಸೇರುವ, ಸಾಲಾಗಿ ತೂತುಗಳಿರುವ ಪೆಟ್ಟಿಗೆಗೆ ಸ್ವಿಚ್ ಎನ್ನುತ್ತಾರೆ. ಒಂದರ ಮಾತು ಇನ್ನೊಂದರಲ್ಲಿ ಬೆರೆಯಬಾರದೆಂದು ಪ್ರತಿ ಗುಂಪಿಗೂ ಒಂದು ಸಂಖ್ಯೆ ಕೊಟ್ಟು ಬೇರೆ ಇಡುತ್ತೇವೆ. ಇದು ವಿಎಲ್ಯಾನ್. ಹೀಗೆ ಬೇರೆಯಾದವರೆಲ್ಲ ಎಲ್ಲರ ಲೆಕ್ಕ ಕೂಡಿಡುವ ಕಂಪ್ಯೂಟರಾದ ಸರ್ವರ್ ತನಕ ಹೋಗುವುದು ಮಾತ್ರ ಒಂದೇ ತಂತಿಯಲ್ಲಿ. ಅದು ಟ್ರಂಕ್. ಒಂದೇ ಬಸ್ಸಿನಲ್ಲಿ ಕಂಪ್ಲಿ, ಗಂಗಾವತಿ, ಸಿಂಧನೂರಿನ ಪಾರ್ಸಲ್ಲುಗಳು ಚೀಟಿ ಅಂಟಿಸಿಕೊಂಡು ಒಟ್ಟಿಗೆ ಹೋಗುತ್ತವಲ್ಲ, ಹಾಗೆ. ಹತ್ತಿಸುವವರಿಗೂ ಇಳಿಸಿಕೊಳ್ಳುವವರಿಗೂ ಚೀಟಿ ಓದಲು ಬರಬೇಕು, ಅಷ್ಟೇ. ಒಬ್ಬರಿಗೆ ಬಾರದಿದ್ದರೂ ಪಾರ್ಸಲ್ ಮುಟ್ಟುವುದಿಲ್ಲ. ನನ್ನ ವಿದ್ಯೆಯೆಲ್ಲ ಇಷ್ಟೇ.

ಈ ವಿದ್ಯೆಯನ್ನು ನಂಬಿ ಒಬ್ಬ ಸಾಹುಕಾರರು ನನಗೆ ದೊಡ್ಡ ಕೆಲಸ ಕೊಟ್ಟರು. ಅವರಿಗೆ ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಸಂಡೂರಿನಲ್ಲಿ ಲಾರಿ ಆಫೀಸು, ಹಂಪಿಯ ಹತ್ತಿರ ಒಂದು ಲಾಡ್ಜು. ಮೂರೂ ಕಡೆ ಸರ್ವರಿಗೂ ಸ್ವಿಚ್ಚುಗಳಿಗೂ ಸಂಬಂಧ ಬೆಳೆಸಿ, ಅದು ಮುರಿಯದ ಹಾಗೆ ನೋಡಿಕೊಳ್ಳುವುದು ನನ್ನ ಪಾಲಿನದು. ಕೆಲಸ ಒಪ್ಪಿಸುವಾಗಲೇ ಅವರು ಹೇಳಿದ್ದರು: "ನೋಡವ್ವಾ, ಸುಗ್ಗಿಯಾಗ ಭತ್ತದ ಗಾಡಿ ನನ್ನ ಕಾಟಾದ ಮುಂದ ನಿಂತ್ವು ಅಂದ್ರ ಮೂರೂ ಕಡಿ ಕೆಲಸ ಬಳ್ಳಾರಿಯವರಿಗೆ ಕೊಟ್ಟುಬಿಡ್ತೀನಿ. ಆಮ್ಯಾಲ ಬ್ಯಾಸರ ಮಾಡ್ಕಬ್ಯಾಡ."

ಕಾಟಾ ಎಂದರೆ ತುಂಬಿದ ಗಾಡಿಯನ್ನೇ ಮೇಲೆ ಹತ್ತಿಸಿ ತೂಗುವ ವೇಬ್ರಿಡ್ಜ್. ಬೇಸರ ಮಾಡಿಕೊಳ್ಳುವುದಿಲ್ಲ ಎಂದು ತಲೆಯಾಡಿಸಿದೆನಾದರೂ ಒಳಗೊಳಗೇ ಹೆದರಿದ್ದೆ. ಈ ಮನೆತನ ಕೈಬಿಟ್ಟರೆ ನನ್ನ ಅಂಗಡಿಯಲ್ಲಿ ಉಳಿಯುವುದು ಮೊಬೈಲ್ ಚಾರ್ಜರ್ ಮಾರುವ ಕೆಲಸ ಮಾತ್ರ.

ಸಂಡೂರಿನ ಓವರ್‌ಲೋಡ್

ಮೊದಲ ಫೋನ್ ಬಂದದ್ದು ಸಂಡೂರಿನ ಲಾರಿ ಆಫೀಸಿನಿಂದ. ಯಾವ ಕಂಪ್ಯೂಟರೂ ಕೆಲಸ ಮಾಡುತ್ತಿಲ್ಲ, ಸ್ವಿಚ್ಚಿನ ದೀಪಗಳು ಮಾತ್ರ ದೀಪಾವಳಿ ಬಂದ ಹಾಗೆ ಕುಣಿಯುತ್ತಿವೆ ಎಂದರು. ಅವತ್ತು ಭಾನುವಾರ, ನಮ್ಮ ಯಜಮಾನರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರು. ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ಮನೆಯ ಫ್ಯಾನಿನ ರೆಗ್ಯುಲೇಟರ್ ತಿರುಗಿಸುವಾಗಲೂ ನನ್ನನ್ನು ಕೇಳುತ್ತಾರೆ.

ಆದರೆ ಎಲ್ಲಿಗೆ ಹೋದರೂ ಜನ ಅವರಿಗೇ ವರದಿ ಒಪ್ಪಿಸುವುದು. ಆಫೀಸಿನ ಮ್ಯಾನೇಜರು ಮೊದಲು ಲಾರಿ ಓಡಿಸುತ್ತಿದ್ದವರು, ವಯಸ್ಸಾದ ಮೇಲೆ ಕುರ್ಚಿಗೆ ಬಂದವರು. ಬಾಗಿಲಲ್ಲೇ ನಮ್ಮವರ ಕೈ ಹಿಡಿದು, "ಬರ್ರಿ ಸರ, ಕುಂದ್ರಿ. ಮುಂಜಾನಿಂದ ಹಿಂಗ ಆಗೇತಿ ನೋಡ್ರಿ" ಎಂದು ಎಲ್ಲ ವಿವರವಾಗಿ ಹೇಳಿದರು. ನಮ್ಮವರು ಹುಬ್ಬು ಗಂಟಿಕ್ಕಿ, "ಹ್ಞಾಂ, ಹ್ಞಾಂ, ತಿಳೀತು" ಎನ್ನುತ್ತ ಪೂರ್ತಿ ಕೇಳಿ, ಆಮೇಲೆ ನನ್ನ ಕಡೆ ತಿರುಗಿ, "ಏನೋ ಅಂತಾರ, ನೋಡು" ಎಂದರು.

ಸ್ವಿಚ್ಚಿನ ಪೆಟ್ಟಿಗೆ ತೆರೆದರೆ ಒಳಗೆಲ್ಲ ಗಣಿಯ ಕೆಂಪು ಧೂಳು. ಅದು ಆ ಊರಿನ ಹವಾಮಾನ, ಅದರ ಮೇಲೆ ನನ್ನ ತಕರಾರಿಲ್ಲ. ಆಫೀಸಿನ ಸ್ವಿಚ್ಚಿಗೂ ವರ್ಕ್‌ಶಾಪಿನ ಸ್ವಿಚ್ಚಿಗೂ ನಡುವೆ ನಾನು ಹಾಕಿದ್ದು ಒಂದೇ ಟ್ರಂಕ್ ತಂತಿ. ಈಗ ಅದರ ಪಕ್ಕದಲ್ಲಿ ಇನ್ನೊಂದು ಹೊಚ್ಚ ಹೊಸ ತಂತಿ ಇತ್ತು. ಹೀಗೆ ಬೇಕಾಬಿಟ್ಟಿ ಎರಡು ತಂತಿ ಹಾಕಿದರೆ ಒಂದರಲ್ಲಿ ಹೋದ ಮಾತು ಇನ್ನೊಂದರಲ್ಲಿ ವಾಪಸ್ಸು ಬಂದು, ಮತ್ತೆ ಹೋಗಿ, ಮತ್ತೆ ಬಂದು, ಸುತ್ತುತ್ತಲೇ ಇರುತ್ತದೆ. ಬೇರೆ ಯಾರಿಗೂ ದಾರಿ ಸಿಗುವುದಿಲ್ಲ.

"ಇದನ್ನ ಯಾರು ಹಾಕಿದ್ರಿ?" ಎಂದು ಕೇಳಿದೆ.

ಮ್ಯಾನೇಜರು ಉತ್ತರವನ್ನು ನಮ್ಮವರಿಗೇ ಕೊಟ್ಟರು. "ನಾನ ಹಾಕ್ಸೀನ್ರಿ ಸರ. ಕ್ಯಾಮೆರಾ, ಲೆಕ್ಕ, ಡೀಸೆಲ್ ಹಿಸಾಬು ಎಲ್ಲಾ ಒಂದ ತಂತಿ ಮ್ಯಾಲ ಅಂದ್ರ ಹೆಂಗ್ರಿ? ಓವರ್‌ಲೋಡ್ ಆಗಿ ನಡುದಾರ್ಯಾಗ ಕೂತರ ಯಾರು ಎತ್ತಬೇಕು? ಅದಕ್ಕ ಇನ್ನೊಂದು ಗಾಡಿ ಬಿಟ್ಟೀನಿ."

ಲಾರಿಯ ಲೆಕ್ಕದಲ್ಲಿ ಇದು ತೀರ ಸರಿಯಾದ ಮಾತು. ಹೊಸ ತಂತಿ ಕಿತ್ತೆ. ದೀಪಗಳು ಶಾಂತವಾದವು, ಕಂಪ್ಯೂಟರುಗಳು ಎದ್ದವು. ಒಂದು ತಂತಿ ಇಂಥ ಹತ್ತು ಆಫೀಸುಗಳ ಭಾರ ಹೊರುತ್ತದೆ ಎಂದು ಅವರಿಗೆ ತಿಳಿಸಿ ಹೇಳಿದೆ. ಅವರು ಬಹಳ ಹೊತ್ತು ತಂತಿಯನ್ನೇ ನೋಡಿದರು. ನಂಬಿಕೆ ಬರಲಿಲ್ಲ, ಆದರೆ ಹೆಣ್ಣುಮಗಳ ಮಾತು ತೆಗೆದುಹಾಕಬಾರದು ಎಂದುಕೊಂಡಿರಬೇಕು.

"ಆತು ಬಿಡ್ರಿ ಮೇಡಂ, ನೀವು ಅಂತೀರಿ ಅಂದಮ್ಯಾಲ ಒಂದ ಇರ್ಲಿ" ಎಂದರು. "ಲೋಡ್ ಜಾಸ್ತಿ ಅನಿಸಿದ್ರ ಎರಡು ಟ್ರಿಪ್ ಹೊಡೀಲಿ."

ಹಂಪಿಯ ಅತಿಥಿ

ಲಾಡ್ಜಿನ ಮ್ಯಾನೇಜರಂಥ ಸಜ್ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಂದವರು ಬೇಡವೆಂದರೂ ಮಂಡಕ್ಕಿ ಮಿರ್ಚಿ ತರಿಸಿ ತಿನ್ನಿಸಿಯೇ ಕಳಿಸುವವರು. ಒಂದು ದಿನ ಸಾಹುಕಾರರು ಕಂಪ್ಲಿಯಿಂದ ಫೋನ್ ಮಾಡಿ, "ಲಾಡ್ಜಿನ ಕ್ಯಾಮೆರಾ ಒಂದೂ ನನ್ನ ಮೊಬೈಲಿನ್ಯಾಗ ಕಾಣವಲ್ದು. ಈಗ ಹಿಂಗಾದ್ರ ಸುಗ್ಗಿಯಾಗ ಏನು ಗತಿ?" ಎಂದರು. ಸುಗ್ಗಿ ಎಂಬ ಪದ ಅವರ ಬಾಯಲ್ಲಿ ಬಂದ ಕೂಡಲೇ ನಾನು ಚೀಲ ಹೆಗಲಿಗೇರಿಸಿದೆ. ಹೊರಟೆ.

ಸರ್ವರ್ ಚಾಲೂ ಇತ್ತು. ಆದರೆ ಅದರ ತಂತಿ ಸ್ವಿಚ್ಚಿನಲ್ಲಿ ಇರಲಿಲ್ಲ. ಅದು ಇರಬೇಕಾದ ತೂತಿನಿಂದ ಬೇರೊಂದು ಉದ್ದನೆಯ ತಂತಿ ಹೊರಟು, ಕಿಟಕಿ ದಾಟಿ, ಬೋಗನ್‌ವಿಲ್ಲಾ ಬಳ್ಳಿಯ ಕೆಳಗೆ ಹಾದು, ಹೊರಗಿನ ಜಗಲಿಗೆ ಹೋಗಿತ್ತು. ಅಲ್ಲಿ ಒಬ್ಬ ವಿದೇಶಿ ಅತಿಥಿ ಲ್ಯಾಪ್‌ಟಾಪ್ ಎದುರು ಕೂತಿದ್ದ.

"ಅವ್ರ ರೂಮಿನ್ಯಾಗ ವೈಫೈ ಸ್ಲೋ ಅಂತ್ರಿ ಮೇಡಂ" ಎಂದರು ಮ್ಯಾನೇಜರು. "ಎಲ್ಲಕ್ಕಿಂತ ದೊಡ್ಡ ಲೈನು ಯಾವುದು ಅಂತ ನೋಡಿ ಅದನ್ನ ಕೊಟ್ಟೆ."

"ಅದು ಸರ್ವರಿನ ಲೈನ್ರಿ!"

"ಸರ್ವರ್ ನಮ್ಮ ಮನೀದಲ್ರಿ? ಅದು ಸ್ವಲ್ಪ ಕಾಯಲಿ. ಇವ್ರು ಎಷ್ಟು ದೂರದಿಂದ ಬಂದಾರ!"

ಅಲ್ಲಿ ಇನ್ನೊಂದು ತೊಡಕಿತ್ತು. ಆ ತೂತು ಟ್ರಂಕಿನದು. ಅದರಿಂದ ಬರುವುದೆಲ್ಲ ಸಂಖ್ಯೆಯ ಚೀಟಿ ಹೊತ್ತ ಮಾಹಿತಿ. ಸಾದಾ ಲ್ಯಾಪ್‌ಟಾಪಿಗೆ ಆ ಚೀಟಿ ಓದಲು ಬರುವುದಿಲ್ಲ, ಇಂಟರ್ನೆಟ್ಟಿನ ಒಂದು ಹನಿಯೂ ಸಿಗುವುದಿಲ್ಲ. ಹಾಗಾದರೆ ಈ ಮನುಷ್ಯ ಬೆಳಗಿನಿಂದ ಏನು ನೋಡುತ್ತಿದ್ದಾನೆ? ಕುತೂಹಲದಿಂದ ಜಗಲಿಗೆ ಹೋಗಿ ನನಗೆ ಬರುವ ಇಂಗ್ಲಿಷಿನಲ್ಲಿ ಕೇಳಿದೆ.

ಆತ ಮೊದಲು ಅತ್ತಿತ್ತ ನೋಡಿದ. ಆಮೇಲೆ ದನಿ ತಗ್ಗಿಸಿ ಹೇಳಿದ: ಬೆಳಗಿನಿಂದ ಒಂದು ಪುಟವೂ ತೆರೆದಿಲ್ಲ. ಆದರೆ ಮ್ಯಾನೇಜರು ಗಳಿಗೆಗೊಮ್ಮೆ ಚಹಾ ಹಿಡಿದುಕೊಂಡು ಬಂದು, ನಗುತ್ತ, ಈಗ ಹೇಗಿದೆ ಎಂದು ಕೇಳುತ್ತಾರೆ. ಅಷ್ಟು ಪ್ರೀತಿಯಿಂದ ತಂತಿ ಎಳೆದು ಕೊಟ್ಟವರಿಗೆ ಇಲ್ಲ ಎನ್ನುವುದು ಹೇಗೆ? ಅದಕ್ಕೇ ಖಾಲಿ ಪರದೆಯ ಮೇಲೆ ಟೈಪ್ ಮಾಡಿದಂತೆ ನಟಿಸುತ್ತ ಕೂತಿದ್ದಾನೆ, ಗುಡಿಗಳನ್ನು ನೋಡಲು ಹೋಗಿಯೇ ಇಲ್ಲ.

ಒಳಗೆ ಹೋಗಿ ಈ ತಂತಿ ತೆಗೆದು ಸರ್ವರಿನದನ್ನು ಹಾಕುತ್ತೇನೆ, ನೀವಿನ್ನು ಹೊರಡಬಹುದು ಎಂದೆ. ಅವನ ಮುಖ ಅರಳಿತು. ಅಷ್ಟರಲ್ಲಿ ಬಾಗಿಲಲ್ಲಿ ಮತ್ತೆ ಚಹಾದ ಲೋಟ ಕಾಣಿಸಿತು. ಆತ ಗಾಬರಿಯಿಂದ ಕೀಲಿಮಣೆಯ ಮೇಲೆ ಬೆರಳಾಡಿಸುತ್ತ ಪಿಸುಗುಟ್ಟಿದ: "ಅವರು ಹೋದ ಮೇಲೆ ತೆಗೆಯಿರಿ. ನೊಂದುಕೊಳ್ಳುತ್ತಾರೆ."

ಎರಡು ಫೋನು

ಸುಗ್ಗಿಗೆ ಇನ್ನೂ ಸಮಯವಿದ್ದಾಗ ಕಂಪ್ಲಿಯ ಗಿರಣಿಯಲ್ಲಿ ಪರೀಕ್ಷೆಗೆಂದು ಕಾಟಾದ ಮೇಲೆ ಗಾಡಿ ಹತ್ತಿಸಿದೆವು. ತೂಕ ಸರ್ವರಿಗೆ ಮುಟ್ಟಲಿಲ್ಲ. ಸರ್ವರ್ ಕಂಪನಿಯ ಇಂಜಿನಿಯರಿಗೆ ಫೋನ್ ಮಾಡಿದರೆ ತಪ್ಪು ಸ್ವಿಚ್ಚಿನದು ಎಂದರು. ಸ್ವಿಚ್ ಕಂಪನಿಯವರು ತಪ್ಪು ಸರ್ವರಿನದು ಎಂದರು. ಇಬ್ಬರೂ ಬಹಳ ಮರ್ಯಾದೆಯಿಂದ ಹೇಳಿದರು. ನಾನು ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸಿ ಸೋತೆ. ಕಡೆಗೆ ನನ್ನ ಫೋನಿನಲ್ಲಿ ಒಬ್ಬರನ್ನು, ನಮ್ಮವರ ಫೋನಿನಲ್ಲಿ ಇನ್ನೊಬ್ಬರನ್ನು ಹಿಡಿದು, ಎರಡನ್ನೂ ಸ್ಪೀಕರಿಗೆ ಹಾಕಿ, ಮೇಜಿನ ಮೇಲೆ ಎದುರುಬದರು ಮಲಗಿಸಿ, "ನೀವೇ ಮಾತಾಡ್ಕೊಳ್ರಿ" ಎಂದು ಎದ್ದೆ.

ಪಕ್ಕದ ಕೋಣೆಯಲ್ಲಿ ಸರ್ವರ್ ತೆರೆದು ನೋಡುತ್ತ ಕೂತಾಗ ಆ ಕಡೆಯ ಜಗಳ ಕೇಳುತ್ತಿತ್ತು. ಮೊದಲು ಇಂಗ್ಲಿಷಿನಲ್ಲಿತ್ತು, ಸ್ವಲ್ಪ ಹೊತ್ತಿಗೆ ತೆಲುಗಿಗೆ ಬಂತು, ಆಮೇಲೆ ದನಿ ತಣ್ಣಗಾಯಿತು. ನನಗೆ ಗಂಟು ಸಿಕ್ಕಿತು. ಸರ್ವರಿನೊಳಗೆ ಕಾಟಾದ ಸಂಖ್ಯೆ ಇರಬೇಕಾದಲ್ಲಿ ಕ್ಯಾಮೆರಾದ ಸಂಖ್ಯೆ ಬಿದ್ದಿತ್ತು. ಸರಿ ಮಾಡಿದೆ, ತೂಕ ಬಂತು. ಸಂತೋಷದಿಂದ ಓಡಿ ಬಂದು ಹೇಳಿದರೆ ಎರಡೂ ಫೋನುಗಳಿಗೆ ಅದರಲ್ಲಿ ಆಸಕ್ತಿಯೇ ಉಳಿದಿರಲಿಲ್ಲ.

"ಒಂದು ನಿಮಿಷ ಮೇಡಂ, ಕಟ್ ಮಾಡಬೇಡಿ" ಎಂದಿತು ನಮ್ಮವರ ಫೋನು. "ನಮ್ದೂ ಇವರ್ದೂ ಅಕ್ಕಪಕ್ಕದ ಊರು. ಇವರ ತಂಗಿಗೆ ಗಂಡು ನೋಡ್ತಾ ಇದಾರಂತೆ."

ಕೆಲವು ತಿಂಗಳಿಗೆ ನಮಗೆ ಲಗ್ನಪತ್ರಿಕೆ ಬಂತು. ಹೋದೆವು, ಊಟ ಚೆನ್ನಾಗಿತ್ತು. ಅಕ್ಷತೆ ಹಾಕಲು ಮಂಟಪ ಹತ್ತಿದರೆ ಸರ್ವರಿನ ಇಂಜಿನಿಯರು ಬಾಸಿಂಗ ಕಟ್ಟಿಕೊಂಡು ಕೂತಿದ್ದಾರೆ, ಹಿಂದೆ ಸ್ವಿಚ್ಚಿನವರು ಹೆಣ್ಣಿನ ಅಣ್ಣನಾಗಿ ನಿಂತಿದ್ದಾರೆ. ಮದುಮಗ ನನ್ನನ್ನು ಕಂಡವರೇ ಬಾಸಿಂಗ ಸರಿಸಿ ಕೇಳಿದರು: "ಮೇಡಂ, ನೀವೇ ಇವರಿಗೆ ಹೇಳಿ. ಅವತ್ತು ತಪ್ಪು ಸ್ವಿಚ್ಚಿಂದೇ ತಾನೇ?"

ಕಂಪ್ಲಿಯ ಅಮವಾಸ್ಯೆ

ಸುಗ್ಗಿ ಬಂತು. ನಾನು ಹೆದರಿದ್ದ ದಿನವೂ ಬಂತು.

"ಮೇಡಂ, ಕಾಟಾ ಸತ್ತೈತಿ. ಗಾಡಿ ಹೊಳಿ ಸೇತುವಿ ಕಡಿಗೆ ಸಾಲು ಹಚ್ಯಾವ. ಸಾಹುಕಾರ್ರು ಗೇಟಿನ್ಯಾಗ ನಿಂತಾರ. ಜಲ್ದಿ ಬರ್ರಿ" ಎಂದು ಗಿರಣಿಯ ಮ್ಯಾನೇಜರು ಒಂದೇ ಉಸಿರಿನಲ್ಲಿ ಹೇಳಿ ಫೋನ್ ಇಟ್ಟರು. ದಾರಿಯುದ್ದಕ್ಕೂ ನಾನು ನಮ್ಮವರ ಬೆನ್ನ ಹಿಂದೆ ಕೂತು ಆಕಾಶ ನೋಡಿದೆ. ಮೋಡ ಕಟ್ಟಿತ್ತು. ಒಣಗಿಸಿದ ಭತ್ತ ಟ್ರ್ಯಾಕ್ಟರಿನಲ್ಲಿ ತೆರೆದು ಬಿದ್ದಿರುವಾಗ ಮಳೆ ಬಂದರೆ ರೈತರ ಹೊಟ್ಟೆ ಉರಿಯುತ್ತದೆ, ಆ ಉರಿ ಮೊದಲು ತಾಗುವುದು ನನಗೆ. ತೂಕವನ್ನು ಕೈಯಲ್ಲಿ ಬರೆದುಕೊಂಡರಾಗದೇ ಎಂದರೆ, ಸರ್ವರಿನಿಂದ ಬಂದದ್ದೇ ತೂಕ ಎಂದು ನಿಯಮ ಮಾಡಿದವರು ಸಾಹುಕಾರರೇ.

ಸಾಹುಕಾರರು ನನ್ನನ್ನು ನೋಡಿ ಒಂದೇ ಮಾತು ಹೇಳಿದರು. "ನಾ ಏನು ಹೇಳಿದ್ದೆ, ನೆನಪೈತಿಲ್ಲ?"

ನೆನಪಿತ್ತು. ಒಳಗೆ ಹೋದೆ.

ಆಫೀಸಿನ ಒಂದು ತಂತಿಗೆ ನನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಸ್ವಿಚ್ಚಿನ ಯಾವ ತೂತಿನಲ್ಲಿ ಯಾರಿದ್ದಾರೆಂದು ನೋಡಿದೆ. ಒಂದನೇ ತೂತಿನಲ್ಲಿ ಸರ್ವರಿನ ಟ್ರಂಕ್ ಇರಬೇಕು. ಅಲ್ಲಿ ಬೇರೆ ಯಾರೋ ಇದ್ದರು. ಸರ್ವರ್ ಕಟ್ಟಕಡೆಯ ತೂತಿನಲ್ಲಿ, ಒಂದು ಸಂಖ್ಯೆಯ ಸಂಬಂಧವೂ ಇಲ್ಲದೆ ಕೂತಿತ್ತು. ಪೆಟ್ಟಿಗೆಯ ಬಾಗಿಲು ತೆರೆದೆ. ಸ್ವಿಚ್ಚಿನ ಹಣೆಗೆ ಅಡ್ಡಡ್ಡ ವಿಭೂತಿ, ನಡುವೆ ಕುಂಕುಮ, ತಲೆಯ ಮೇಲೆ ಸೇವಂತಿಗೆ. ನಾನು ಹಾಕಿದಾಗ ಒಂದರ ಮೇಲೊಂದು ಬಿದ್ದಿದ್ದ ತಂತಿಗಳು ಈಗ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ಅಚ್ಚುಕಟ್ಟಾಗಿದ್ದವು.

"ಚೊಲೋ ಆಗೇತಿಲ್ಲ?" ಎಂಬ ದನಿ ಹಿಂದಿನಿಂದ ಬಂತು. ಸಾಹುಕಾರರ ತಾಯಿ. ಇಡೀ ಗಿರಣಿಗೆ ಅವರು ದೊಡ್ಡವ್ವ. "ಅಮವಾಸಿ ಪೂಜಿಗೆ ಎಲ್ಲಾ ಮಷೀನು ಒರಸಸ್ತೀನಿ. ಇದೊಂದು ಯಾಕ ಬಿಡಬೇಕು ಅಂತ ತಂತಿ ಬಿಚ್ಚಿಸಿ, ಒರಸಿ, ನಾನ ಕೈಯ್ಯಾರ ಜೋಡಿಸೀನಿ. ನೀ ಹೆಂಗ ಬೇಕಾದಂಗ ತುರುಕಿದ್ದಿಯಲ್ಲವ್ವಾ."

"ಯಾವ ಲೆಕ್ಕದಾಗ ಜೋಡಿಸಿದ್ರಿ, ದೊಡ್ಡವ್ವಾರ?"

"ಲೆಕ್ಕ ಏನು ಬಂತು? ನೀನ ಹೆಸರು ಬರದು ಅಂಟಿಸಿದ್ದಿ."

ನಿಜ. ಎಲ್ಲರಿಗೂ ಓದಲು ಬರಲೆಂದು ಪ್ರತಿ ತಂತಿಗೂ ಕನ್ನಡದಲ್ಲೇ ಹೆಸರು ಅಂಟಿಸಿದ್ದೆ. ದೊಡ್ಡವ್ವ ಒಂದೊಂದೇ ತಂತಿಯನ್ನು ಬೆರಳಿನಿಂದ ಮುಟ್ಟುತ್ತ ಹೇಳಿದರು: "ಇದು ಮೊದಲನೇದು ನನ್ನ ಮಗಂದು, ಮನಿ ಯಜಮಾನ. ಪಕ್ಕಕ್ಕ ಅವನ ತಮ್ಮ. ಆಮ್ಯಾಲ ದೊಡ್ಡ ಮೊಮ್ಮಗ. ಆಮ್ಯಾಲ ಮ್ಯಾನೇಜರು, ಹೊರಗಿನವರಾದ್ರೂ ವಯಸ್ಸಾಗೇತಿ. ಅವರ ಹಿಂದ ಕಾಟಾ, ಅದರ ಹಿಂದ ಕ್ಯಾಮೆರಾ. ಈ ಸರ್ವರ್ ಮೊನ್ನಿ ಬಂದದ್ದು. ಕಡೀಗೆ ಕುಂದರ್ಸೀನಿ."

ಮನೆಯ ಪಂಕ್ತಿಯಲ್ಲಿ ಎಲೆ ಹಾಕುವ ಕ್ರಮದಲ್ಲೇ ಸ್ವಿಚ್ಚು ತುಂಬಿತ್ತು. ಟ್ರಂಕಿನ ಒಂದನೇ ತೂತಿಗೆ ಬಿದ್ದ ಸಾಹುಕಾರರ ಕಂಪ್ಯೂಟರೂ ಸತ್ತಿತ್ತು. ಅವರು ಅದನ್ನು ಎಂದೂ ಹಚ್ಚುವವರಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ.

"ದೊಡ್ಡವ್ವಾರ, ಸರ್ವರ್ ಮೊದಲನೇದ್ರಾಗ ಇರಬೇಕ್ರಿ" ಎಂದು ತಂತಿಗೆ ಕೈ ಹಾಕಿದೆ.

ಅವರು ನನ್ನ ಕೈ ಹಿಡಿದರು. "ಹಬ್ಬದಂಥಾ ದಿನ ನನ್ನ ಮಗನ್ನ ಎಬ್ಬಿಸಿ ಆ ಡಬ್ಬೀನ ಕುಂದರಸ್ತೀಯಾ?"

"ಎಲ್ಲಾ ಕೆಲಸ ಅದರ ಮ್ಯಾಲ ನಡಿತೈತ್ರಿ."

"ಕೆಲಸ ಮಾಡೋರು ಯಾವಾಗ್ಲೂ ಕಡೀಗೆ ಕುಂದ್ರದು. ನಾ ಈ ಮನಿಗೆ ಬಂದಾಗ ನಂದೂ ಕಡೀ ಎಲಿನ."

ಹೊರಗೆ ಗುಡುಗಿತು, ಟ್ರ್ಯಾಕ್ಟರುಗಳು ಹಾರನ್ ಹೊಡೆಯತೊಡಗಿದವು. ದೊಡ್ಡವ್ವನ ಜೊತೆ ವಾದ ಮಾಡುತ್ತ ಕೂತರೆ ನನ್ನ ಅಂಗಡಿ ಮುಳುಗುತ್ತಿತ್ತು. ತಂತಿ ಬಿಟ್ಟು ನೆಲದ ಮೇಲೆ ಕೂತೆ. ಯಾರನ್ನೂ ಎಬ್ಬಿಸದೆ, ಸ್ವಿಚ್ಚಿನ ಒಳಗಿನ ಬರಹವನ್ನೇ ತಿದ್ದಿದೆ. ಕಡೆಯ ತೂತನ್ನು ಟ್ರಂಕ್ ಮಾಡಿದೆ, ಮೊದಲನೆಯದನ್ನು ಸಾದಾ ಮಾಡಿದೆ, ನಡುವಿನವರಿಗೆಲ್ಲ ಅವರವರ ಸಂಖ್ಯೆ ಹಂಚಿದೆ. ದೊಡ್ಡವ್ವ ಪಕ್ಕದಲ್ಲೇ ನಿಂತು ತಂತಿಗಳಿಗೆ ಕಾವಲು ಕಾದರು.

ಕಾಟಾದ ಕಡೆಯಿಂದ ಮ್ಯಾನೇಜರು ಕೂಗಿದರು: "ಬಂತ್ರೀ! ತೂಕ ಬಂತು!"

ಗಾಡಿಗಳು ಸಾಗಿದವು. ಕಡೆಯ ಟ್ರ್ಯಾಕ್ಟರು ಗೋದಾಮಿನ ತಗಡಿನ ಕೆಳಗೆ ಹೋಗುವ ಹೊತ್ತಿಗೆ ಹನಿ ಬಿತ್ತು. ಸಾಹುಕಾರರು ಹೆಗಲ ಟವೆಲ್ಲು ಕೊಡವುತ್ತ ಒಳಗೆ ಬಂದು, ಹೊಳೆಯಾಚೆಗೂ ಕೇಳುವ ದನಿಯಲ್ಲಿ ಕೇಳಿದರು: "ತಪ್ಪು ಯಾರದು? ಖರೇ ಹೇಳು. ಯಾರು ಮಾಡಿದ್ದು ಇದನ್ನ?"

ಹೇಳಿದರೆ ಅವರ ತಾಯಿ, ಹೇಳದಿದ್ದರೆ ನಾನು.

"ತಂತಿ ನಾ ಜೋಡಿಸೀನಿ" ಎಂದರು ದೊಡ್ಡವ್ವ. "ಯಾಕ?"

ಸಾಹುಕಾರರು ಟವೆಲ್ಲಿನಿಂದ ನಿಧಾನವಾಗಿ ಮುಖ ಒರೆಸಿಕೊಂಡರು. "ಏನಿಲ್ಲವ್ವ" ಎಂದರು. "ಚೊಲೋ ಜೋಡಿಸೀದಿ ಅನ್ನಾಕ ಬಂದೆ."

ಆದರೆ ನಾನು ಹೊರಡುವಾಗ ಗೇಟಿನಲ್ಲಿ ನನ್ನನ್ನು ತಡೆದು, "ಗಾಡಿ ನಿಂತಿದ್ದಂತೂ ಖರೆ. ಸುಗ್ಗಿ ಮುಗೀಲಿ, ನೋಡಾಣ" ಎಂದರು. ಆ "ನೋಡಾಣ" ನನ್ನ ನಿದ್ದೆ ಕೆಡಿಸಿತು. ಸುಗ್ಗಿ ಮುಗಿದ ಮೇಲೆ ಬಳ್ಳಾರಿಯವರು ಗಿರಣಿ ನೋಡಿ ಹೋದರೆಂಬ ಸುದ್ದಿಯೂ ಬಂತು. ಅಂಗಡಿಯ ಗಾಜಿನಲ್ಲಿ ಚಾರ್ಜರುಗಳನ್ನು ಮುಂದಕ್ಕೆ ಜೋಡಿಸುತ್ತ ಕೂತಿದ್ದೆ. ಫೋನ್ ಬಂತು. ದೊಡ್ಡವ್ವ.

"ಬಳ್ಳಾರಿಯವರು ಬಂದಿದ್ರವ್ವಾ. ಬಾಗಲಾ ತಗದ ಕೂಡ್ಲೇ ನಕ್ಕು, ನನ್ನ ಮಗನ ತಂತಿ ಕಿತ್ತಿ ಕಡೀಗೆ ಹಾಕ್ತೀವಿ ಅಂದ್ರು. ಚಾ ಕುಡಿಸಿ ಕಳಿಸಿಬಿಟ್ಟೆ. ಹಿರೇರು ಕಿರೇರು ತಿಳಿಯದವರ ಕೈಗೆ ಮನಿ ಕೊಡಾಕ ಆಗತೈತೇನು? ಮೂರೂ ಕಡಿ ನೀನ ನೋಡ್ಕೋ. ಮಗಗ ಹೇಳೀನಿ, ಹ್ಞೂಂ ಅಂದಾನ."

ಚಾರ್ಜರುಗಳನ್ನು ಮತ್ತೆ ಹಿಂದಕ್ಕೆ ಸರಿಸುತ್ತ, "ಬರ್ತೀನ್ರಿ ದೊಡ್ಡವ್ವಾರ" ಎಂದೆ.

"ಜಲ್ದಿ ಬಾ. ಕೆಲಸ ಐತಿ. ದೊಡ್ಡ ಮೊಮ್ಮಗಗ ಹೆಣ್ಣು ಹುಟ್ಟೈತಿ. ಆ ಪೆಟ್ಟಿಗ್ಯಾಗ ಅದಕ್ಕೊಂದು ತೂತು ಇಡಬೇಕು."

"ಎಲ್ಲಿ ಇಡಲ್ರಿ?"

"ಕಡೀಗೆ. ಸರ್ವರ್ ಒಂದು ತೂತು ಮುಂದಕ್ಕ ಸರೀಲಿ" ಎಂದರು ದೊಡ್ಡವ್ವ. "ಪಾಪ, ಅದಕ್ಕೂ ಕೈಕೆಳಗ ಒಬ್ಬರು ಬಂದ್ರು."